ಎಂಜಿನ್ ಇಳಿಸಿದ ಮೇಲೆ

ಅಂಬಾಸಡರ್ ಕಾರಿನ ಜೊತೆ ವರ್ಷಾನುಗಟ್ಟಲೆ ಏಗಿದವರಿಗೆ ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ ತೋರಿಸಿ. ನೋಡಿದೊಡನೆ ಗುರುತು ಹಿಡಿಯುತ್ತಾರೆ. ಬೀಡುಕಬ್ಬಿಣದ ಭಾರೀ ಬ್ಲಾಕು, ಸಾಲಾಗಿ ನಾಲ್ಕು ಸಿಲಿಂಡರು, ಕಾರ್ಬ್ಯುರೇಟರು ಎಕ್ಸಾಸ್ಟು ಎರಡೂ ಒಂದೇ ಮಗ್ಗುಲಿಗೆ, ಪ್ಲಗ್ಗುಗಳು ಇನ್ನೊಂದು ಮಗ್ಗುಲಿಗೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಜಿನ್ ಅದು. ನಮ್ಮಲ್ಲಿ 1489 ಸಿಸಿಯದಾಗಿ ದಶಕಗಳ ಕಾಲ ಅಂಬಾಸಡರ್ ಎಳೆದದ್ದೇ ಅಲ್ಲಿ 1798 ಸಿಸಿಗೆ ಹಿಗ್ಗಿ, ಜೋಡಿ ಎಸ್‌ಯು ಕಾರ್ಬ್ಯುರೇಟರ್ ತೊಟ್ಟು, ಸುಮಾರು 95 ಅಶ್ವಶಕ್ತಿ ಕೊಡುತ್ತ 1962ರಲ್ಲಿ ಎಂಜಿಬಿಯೊಳಗೆ ಹೊಕ್ಕಿತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸಿದರೆ ಅದೊಂದು ಅಪಚಾರ ಎನ್ನುವವರು ಬಹಳ ಮಂದಿ. ಆ ಮಾತಿನ ಹಿಂದಿನ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಮಾತನ್ನು ಮಾತ್ರ ಒಪ್ಪುವುದಿಲ್ಲ. ಎಂಜಿ ಅಂದರೇ ಮಾರಿಸ್ ಗ್ಯಾರೇಜಸ್. 1920ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಸೆಸಿಲ್ ಕಿಂಬರ್ ಎಂಬ ಮ್ಯಾನೇಜರ್ ಸಂಸಾರಸ್ಥರು ಓಡಿಸುವ ಮಾರಿಸ್ ಕಾರುಗಳನ್ನೇ ತಿದ್ದಿತೀಡಿ, ಚೆಂದದ ಬಾಡಿ ಕಟ್ಟಿ ಮಾರಲು ತೊಡಗಿದಾಗ ಹುಟ್ಟಿದ ಹೆಸರು. ಇದ್ದ ಕಾರನ್ನು ಇನ್ನಷ್ಟು ಒಳ್ಳೆಯದು ಮಾಡುವುದೇ ಅದರ ಮೂಲ ಕಸುಬು. ಅಂಥ ಕಾರಿಗೆ ಮುಂದೊಂದು ದಿನ ಇನ್ನೂ ಒಳ್ಳೆಯ ಎಂಜಿನ್ ಕೂರಿಸಿದರೆ ಪರಂಪರೆ ಮುರಿಯಿತು ಎನ್ನಲಾಗದು. ನೋಡಬೇಕಾದ ಸಂಗತಿ ಬೇರೆಯೇ ಇದೆ: ಹೊಸ ಎಂಜಿನ್ ಎಷ್ಟು ತೂಗುತ್ತದೆ, ಆ ತೂಕ ಕಾರಿನಲ್ಲಿ ಎಲ್ಲಿ ಬೀಳುತ್ತದೆ.

ಇದಕ್ಕೆ ಎಂಜಿಬಿಯ ಚರಿತ್ರೆಯಲ್ಲೇ ಎರಡು ಉದಾಹರಣೆಗಳಿವೆ, ಒಂದು ಕೆಟ್ಟದ್ದು, ಒಂದು ಒಳ್ಳೆಯದು. 1967ರಲ್ಲಿ ಕಂಪನಿಯವರೇ ಎಂಜಿಬಿಯ ಬಾಡಿಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ಇಟ್ಟು ಎಂಜಿಸಿ ಎಂದು ಹೆಸರಿಟ್ಟರು. ಶಕ್ತಿ ಸುಮಾರು 145ಕ್ಕೆ ಏರಿತು. ಆದರೆ ಅದು ಉದ್ದನೆಯ ಬೀಡುಕಬ್ಬಿಣದ ಎಂಜಿನ್. ಅದನ್ನು ಹಿಡಿಸಲು ಬಾನೆಟ್ ಉಬ್ಬಿಸಬೇಕಾಯಿತು, ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸಿ ಟಾರ್ಷನ್ ಬಾರ್ ಹಾಕಬೇಕಾಯಿತು. ಗಾಡಿಯ ಮೂಕಿಯ ಕಡೆಗೆ ಹೇರು ಹೆಚ್ಚಾದರೆ ಎತ್ತಿನ ಹೆಗಲ ಮೇಲೆ ನೊಗ ಅಮರಿಕೊಳ್ಳುತ್ತದಲ್ಲ, ಹಾಗೆ ಕಾರಿನ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಕೂತಿತು. ತಿರುವಿನಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಗೇ ಜಾರಲು ನೋಡುತ್ತಿತ್ತು. ಪತ್ರಿಕೆಗಳ ಪರೀಕ್ಷಕರು ಬೇಸರಪಟ್ಟರು. ಸುಮಾರು 9,000 ಕಾರುಗಳಾದ ಮೇಲೆ 1969ರಲ್ಲಿ ಅದನ್ನು ನಿಲ್ಲಿಸಿದರು. ಈಗಿನ ಬ್ರಿಟಿಷ್ ದೊರೆ ಚಾರ್ಲ್ಸ್ ಯುವರಾಜರಾಗಿದ್ದಾಗ ಓಡಿಸಿದ್ದು ಒಂದು ಎಂಜಿಸಿ ಜಿಟಿ. ಉದ್ದನೆಯ ನೇರ ರಸ್ತೆಗೆ ಅದು ಇಂದಿಗೂ ಸೊಗಸಾದ ಕಾರೇ. ಆದರೆ ಎಂಜಿಬಿಯ ಸೊಗಸು ಇದ್ದದ್ದು ತಿರುವುಗಳಲ್ಲಿ.

ಒಳ್ಳೆಯ ಉದಾಹರಣೆಯ ಬೇರು ಅಮೆರಿಕದಲ್ಲಿದೆ. ಜನರಲ್ ಮೋಟಾರ್ಸ್‌ನ ಬ್ಯೂಕ್ ವಿಭಾಗ 1961ರ ಮಾಡೆಲ್ ಕಾರುಗಳಿಗೆಂದು ಪೂರ್ತಿ ಅಲ್ಯೂಮಿನಿಯಂನ ವಿ8 ಎಂಜಿನ್ ತಂದಿತು, 215 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಮೂರೂವರೆ ಲೀಟರ್. ಎರಕ ಹೊಯ್ಯುವುದು ದುಬಾರಿಯಾಯಿತು, ಆ ಕಾಲದ ಕೂಲೆಂಟ್‌ಗಳು ಅಲ್ಯೂಮಿನಿಯಮ್ಮಿಗೆ ಒಗ್ಗದೆ ರೇಡಿಯೇಟರ್ ಕಟ್ಟಿಕೊಳ್ಳುವ ದೂರುಗಳೂ ಬಂದವು. 1963ರ ಮಾಡೆಲ್ ಮುಗಿಯುತ್ತಲೇ ಬ್ಯೂಕ್ ಅದನ್ನು ಕೈಬಿಟ್ಟಿತು. ಇಂಗ್ಲೆಂಡಿನ ರೋವರ್ ಕಂಪನಿಯ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ವ್ಯಾಪಾರದ ಮಾತುಕತೆಗೆಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೋಣಿ ಎಂಜಿನ್ ಮಾಡುವ ಕಾರ್ಖಾನೆಗೆ ಹೋದಾಗ ಅಲ್ಲಿನ ನೆಲದ ಮೇಲೆ ಈ ಎಂಜಿನ್ ಕಂಡರು ಎಂಬುದು ಕಾರುಪ್ರಿಯರ ನಡುವೆ ಪ್ರಸಿದ್ಧವಾದ ಕಥೆ. 1965ರ ಆರಂಭದಲ್ಲಿ ರೋವರ್ ಅದರ ಹಕ್ಕುಗಳನ್ನು ಪಡೆಯಿತು. ಬ್ಯೂಕ್‌ನಲ್ಲಿ ಅದನ್ನು ರೂಪಿಸಿದವರ ಪೈಕಿ ಒಬ್ಬರಾದ ಜೋ ಟರ್ಲೆ ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಇಂಗ್ಲೆಂಡಿಗೆ ಬಂದು ಕೈಜೋಡಿಸಿದರು. ರೋವರ್‌ನವರು ಎರಕದ ಪದ್ಧತಿಯನ್ನು ಬದಲಿಸಿ, ಸಿಲಿಂಡರ್ ಲೈನರುಗಳನ್ನು ಆಮೇಲೆ ಒತ್ತಿ ಕೂರಿಸುವಂತೆ ಮಾಡಿದರು. 1967ರಲ್ಲಿ ರೋವರ್ ಸಲೂನಿಗೆ, 1970ರಲ್ಲಿ ರೇಂಜ್ ರೋವರ್‌ಗೆ, ಹಾಗೇ ಮುಂದೆ 2000ದ ದಶಕದ ಮೊದಲ ವರ್ಷಗಳವರೆಗೆ ಅದು ದುಡಿಯಿತು. ಅತ್ತ 1966ರಲ್ಲಿ ಜಾಕ್ ಬ್ರಾಬಮ್ ಫಾರ್ಮುಲಾ ಒನ್ ಚಾಂಪಿಯನ್ ಆದದ್ದು ಇದೇ ಕುಟುಂಬದ ಓಲ್ಡ್ಸ್‌ಮೊಬೈಲ್ ಬ್ಲಾಕಿನಿಂದ ಆಸ್ಟ್ರೇಲಿಯಾದ ರೆಪ್ಕೋ ಕಂಪನಿ ಕಟ್ಟಿಕೊಟ್ಟ ಎಂಜಿನ್ನಿನಿಂದ. ಒಂದು ದೇಶ ಬೇಡವೆಂದು ಬಿಟ್ಟದ್ದನ್ನು ಇನ್ನೆರಡು ದೇಶಗಳು ಎತ್ತಿಕೊಂಡು ಬೆಳೆಸಿದವು.

ಎಂಜಿಬಿಯ ಮಟ್ಟಿಗೆ ಮುಖ್ಯವಾದ ಮಾತೆಂದರೆ, ಎಂಟು ಸಿಲಿಂಡರಿನ, 3528 ಸಿಸಿಯ ಈ ಎಂಜಿನ್ ಆ ಕಾರಿನ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗಿಂತ ತುಸು ಹಗುರ. ಉದ್ದವೂ ಹೆಚ್ಚಿಲ್ಲ. ಇದನ್ನು ಮೊದಲು ಮನಗಂಡು ಕೈಹಾಕಿದವರಲ್ಲಿ ಹೆಸರಾದವನು ಕೆಂಟ್ ಪ್ರಾಂತ್ಯದ ಕೆನ್ ಕಾಸ್ಟೆಲೊ, ಮಿನಿ ಕಾರುಗಳನ್ನು ರೇಸಿನಲ್ಲಿ ಓಡಿಸಿದ್ದವನು. 1970ರ ಸುಮಾರಿಗೆ ತನ್ನ ವರ್ಕ್‌ಶಾಪಿನಲ್ಲಿ ಎಂಜಿಬಿಗೆ ವಿ8 ಇಳಿಸಿ ಮಾರತೊಡಗಿದ. ಕಾರ್ಬ್ಯುರೇಟರ್ ಎತ್ತರಕ್ಕೆ ನಿಲ್ಲುತ್ತಿದ್ದರಿಂದ ಬಾನೆಟ್ಟಿನ ಮೇಲೆ ಒಂದು ಉಬ್ಬು ಬೇಕಾಗಿತ್ತು. ಆ ಹೊತ್ತಿಗೆ ಎಂಜಿಯ ಒಡೆತನ ಬ್ರಿಟಿಷ್ ಲೇಲ್ಯಾಂಡ್‌ಗೆ ಬಂದಿತ್ತು. ಅವರು ಕಾಸ್ಟೆಲೊನ ಕಾರನ್ನು ತರಿಸಿಕೊಂಡು ನೋಡಿದರು, ಆಮೇಲೆ 1973ರ ಆಗಸ್ಟಿನಲ್ಲಿ ತಾವೇ ಎಂಜಿಬಿ ಜಿಟಿ ವಿ8 ಹೊರತಂದರು. ಎಂಜಿಯ ಆ್ಯಬಿಂಗ್ಡನ್ ಕಾರ್ಖಾನೆಯ ಎಂಜಿನಿಯರುಗಳು ಕಾರ್ಬ್ಯುರೇಟರುಗಳನ್ನು ಎಂಜಿನ್ನಿನ ಹಿಂಬದಿಗೆ ಸರಿಸುವ ಬೇರೆ ಮ್ಯಾನಿಫೋಲ್ಡ್ ಮಾಡಿ ಬಾನೆಟ್ಟಿನ ಉಬ್ಬು ತಪ್ಪಿಸಿದರು. ನನಗೆ ಅದರಲ್ಲಿ ಬಹಳ ಮೆಚ್ಚಿಗೆಯಾದದ್ದು ಈ ಸಣ್ಣ ಕುಶಲತೆ. 137 ಅಶ್ವಶಕ್ತಿ, ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ. ಎಂಜಿಬಿಯ ಎಳೆತ ಸುಮಾರು 150 ನ್ಯೂಟನ್ ಮೀಟರ್ ಇದ್ದದ್ದು 260 ದಾಟಿತು. ಕಾರು ಬಂದ ಎರಡು ತಿಂಗಳಿಗೆ ಅರಬ್-ಇಸ್ರೇಲ್ ಯುದ್ಧ, ಅದರ ಹಿಂದೆಯೇ ಪೆಟ್ರೋಲ್ ಬಿಕ್ಕಟ್ಟು. 1976ರಲ್ಲಿ ನಿಲ್ಲಿಸುವಾಗ ತಯಾರಾದದ್ದು 2,591 ಮಾತ್ರ. ತೆರೆದ ಟಾಪಿನ ವಿ8 ಅನ್ನು ಆಗ ಕಾರ್ಖಾನೆ ಮಾರಲೇ ಇಲ್ಲ. ಆ ಕೊರತೆಯನ್ನು ತುಂಬಿದವರು ಮನೆಯ ಗ್ಯಾರೇಜುಗಳಲ್ಲಿ ಪಾನಾ ಹಿಡಿದ ಸಾಮಾನ್ಯ ಜನ.

ಅಂಥವರೊಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಕೆಲಸದ ನಿಮಿತ್ತ ಕೊವೆಂಟ್ರಿಯಲ್ಲಿ ಇದ್ದಾಗ ನಮ್ಮ ಪಕ್ಕದ ಮನೆಯವರು ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದ ಹಿರಿಯರು. 1972ರ ಎಂಜಿಬಿ ಜಿಟಿ ಅವರದು. ಎಂಜಿನ್ ಹಳತಾಗಿ ಆಯಿಲ್ ಕುಡಿಯುತ್ತಿತ್ತು. ಬೋರ್ ಮಾಡಿಸಿ 1950 ಸಿಸಿಗೆ ಹಿಗ್ಗಿಸಿ, ಸೀಸವಿಲ್ಲದ ಪೆಟ್ರೋಲಿಗೆ ತಕ್ಕಂತೆ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟು ಹಾಕಿಸುವ ದಾರಿಯೂ ಇತ್ತು. ಅದೂ ಮರ್ಯಾದಸ್ಥ ದಾರಿಯೇ, ಬಹಳ ಜನ ಅದನ್ನೇ ಹಿಡಿಯುತ್ತಾರೆ. ಅವರು ಮಾತ್ರ ತುಕ್ಕು ತಿಂದು ಮೂಲೆ ಸೇರಿದ್ದ ಒಂದು ರೋವರ್ ಎಸ್‌ಡಿ1 ಕಾರಿನ ವಿ8 ಮತ್ತು ಅದರದೇ ಐದು ಗೇರಿನ ಗೇರ್‌ಬಾಕ್ಸ್ ಕೊಂಡು ತಂದರು. ವಾರಾಂತ್ಯಗಳಲ್ಲಿ ನಾನು ಅವರ ಕೈಕೆಳಗಿನ ಆಳು.

ಎಂಜಿನ್ ಇಳಿಸುವುದು ಸುಲಭದ ಭಾಗ. ಕಷ್ಟವಿರುವುದು ಅಂಗುಲಗಳಲ್ಲಿ ಅಲ್ಲ, ಮಿಲಿಮೀಟರುಗಳಲ್ಲಿ. ವಿ8 ಅಗಲವಾದ ಎಂಜಿನ್, ಎಕ್ಸಾಸ್ಟ್ ಎರಡು ಮಗ್ಗುಲಿಗೂ ಇಳಿಯುತ್ತದೆ. ಬಲಗಡೆ ಸ್ಟೇರಿಂಗಿನ ಶಾಫ್ಟು ಅದೇ ಜಾಗದಲ್ಲಿ ಹಾದುಹೋಗಬೇಕು. ಎಂಜಿನ್ ಕೂರಿಸಿದಾಗ ಎರಡರ ನಡುವೆ ಕಿರುಬೆರಳು ತೂರುವಷ್ಟು ಸಂದು ಉಳಿದಿತ್ತು. ನನ್ನ ಕಣ್ಣಿಗೆ ಅದು ಸಾಕೆನಿಸಿತು. ಹಿರಿಯರು ಒಪ್ಪಲಿಲ್ಲ. ಮಕ್ಕಳು ಆಡುವ ಬಣ್ಣದ ಜೇಡಿಯ ಒಂದು ಉಂಡೆಯನ್ನು ಆ ಸಂದಿಗೆ ಮೆತ್ತಿದರು. ಆಮೇಲೆ ಉದ್ದನೆಯ ಹಲಗೆಯೊಂದನ್ನು ಸನ್ನೆ ಮಾಡಿಕೊಂಡು ಎಂಜಿನ್ನನ್ನು ರಬ್ಬರ್ ಮೌಂಟಿಂಗುಗಳ ಮೇಲೆ ಆಚೀಚೆ ಮೀಟಿದರು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ನಿಂತಲ್ಲೇ ಹೊರಳುತ್ತದೆ, ಸಂದು ಅಳೆಯಬೇಕಾದ್ದು ಆ ಹೊರಳಿನಲ್ಲಿ. ಜೇಡಿಯನ್ನು ಬಿಡಿಸಿ, ನಡುವೆ ಕೊಯ್ದು, ಅತಿ ತೆಳ್ಳಗಾದ ಜಾಗಕ್ಕೆ ವರ್ನಿಯರ್ ಹಿಡಿದರು. "ಇದು ಬಿಸಿಯಾದಾಗ ಇನ್ನೂ ಹಿಗ್ಗುತ್ತೆ, ಗೊತ್ತಾ?" ಎಂದರು. ಒಂದು ಮೌಂಟಿಂಗನ್ನು ಬಿಚ್ಚಿ ಮತ್ತೆ ಮಾಡಿದರು. ಮೇಲೆದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು.

ರೋವರ್ ವಿ8 ಬಿಚ್ಚಿ ಕಟ್ಟಿದವರೆಲ್ಲ ಬಲ್ಲ ಇನ್ನೊಂದು ವಿಷಯವಿದೆ. ಅದರ ಆಯಿಲ್ ಪಂಪು ಎಂಜಿನ್ನಿನ ಮುಂಭಾಗದ ಕವರಿನಲ್ಲಿ, ಆಯಿಲ್ ಮಟ್ಟಕ್ಕಿಂತ ಮೇಲಿದೆ. ಒಣಗಿದ ಪಂಪು ತಾನಾಗಿ ಆಯಿಲ್ ಎಳೆದುಕೊಳ್ಳಲಾರದು. ಹಾಗೇ ಸ್ಟಾರ್ಟ್ ಮಾಡಿದರೆ ಬೇರಿಂಗುಗಳು ಒಣಗಿ ತೇಯುತ್ತವೆ. ಅದಕ್ಕೆ ಪಂಪಿನ ಹಲ್ಲುಗಳ ನಡುವೆ ವ್ಯಾಸಲಿನ್ ತುಂಬುತ್ತಾರೆ, ಮೈಗೆ ಹಚ್ಚುವ ಅದೇ ವ್ಯಾಸಲಿನ್. ಅದು ಗಾಳಿ ನುಸುಳದಂತೆ ತಡೆಯುತ್ತದೆ, ಪಂಪಿಗೆ ಹೀರುವ ಬಲ ಬರುತ್ತದೆ, ಬಿಸಿ ಆಯಿಲ್ ಬಂದೊಡನೆ ಕರಗಿ ಹೋಗುತ್ತದೆ. ಡಿಸ್ಟ್ರಿಬ್ಯೂಟರ್ ತೆಗೆದು, ಆ ತೂತಿನಲ್ಲಿ ಶಾಫ್ಟ್ ಇಳಿಸಿ, ಮನೆಯ ಡ್ರಿಲ್ ಮಷೀನಿನಿಂದ ಪಂಪನ್ನು ತಿರುಗಿಸಿದರು. ನಾನು ಡ್ಯಾಶ್‌ಬೋರ್ಡಿನ ಆಯಿಲ್ ಗೇಜ್ ನೋಡುತ್ತ ಕುಳಿತಿದ್ದೆ. ಡ್ರಿಲ್ಲಿನ ಸದ್ದು ಮೊದಲು ತೆಳ್ಳಗಿತ್ತು, ಇದ್ದಕ್ಕಿದ್ದಂತೆ ದಪ್ಪಗಾಯಿತು, ಅದೇ ಕ್ಷಣಕ್ಕೆ ಮುಳ್ಳು ಮೇಲೆದ್ದಿತು. ಎಂಜಿನ್ ಒಮ್ಮೆಯೂ ಉರಿದಿರಲಿಲ್ಲ, ಅದರ ಮೈಯೆಲ್ಲ ಆಯಿಲ್ ಹರಿದಾಗಿತ್ತು.

ಆಮೇಲೆ ಪ್ಲಗ್ಗಿನ ವೈರುಗಳು. ಹಳೆಯ ಎಂಜಿನ್ನಿನ ಫೈರಿಂಗ್ ಕ್ರಮ 1-3-4-2, ಬಾಯಿಪಾಠವಾಗಿರುತ್ತದೆ. ಇದರದು 1-8-4-3-6-5-7-2. ಒಂದೊಂದು ವೈರಿಗೂ ಟೇಪ್ ಸುತ್ತಿ ನಂಬರ್ ಬರೆದು ಜೋಡಿಸಿದರು. ಸ್ಟಾರ್ಟ್ ಆದಾಗ ಬಂದ ಸದ್ದನ್ನು ಹೇಗೆ ಹೇಳಲಿ? ನಾಲ್ಕು ಸಿಲಿಂಡರಿನ ಎಂಜಿಬಿಗೆ ಒಂದು ಒರಟು, ಲವಲವಿಕೆಯ ದನಿಯಿದೆ. ಇದು ನಿಧಾನ, ತಳದಿಂದ ಬರುವಂಥದ್ದು, ಸೈಲೆನ್ಸರಿನ ಕೊನೆಯಲ್ಲಿ ಸ್ವಲ್ಪ ಏರುಪೇರಾಗಿ ಮಿಡಿಯುವ ದನಿ. ಬೀದಿಯ ಆಚೆ ಬದಿಯ ಮನೆಯವರು ಹೊರಗೆ ಬಂದು ನಿಂತರು.

ಆದರೂ ಹಿರಿಯರು ಅಂದು ಕಾರನ್ನು ರಸ್ತೆಗೆ ಇಳಿಸಲಿಲ್ಲ, ಬ್ರೇಕಿನ ಕೆಲಸ ಬಾಕಿಯಿತ್ತು. ಎಂಜಿನ್ ಬದಲಾವಣೆ ಎಂದು ಕರೆದರೂ ಎಂಜಿನ್ ಅದರ ಅರ್ಧವಷ್ಟೇ. ಮುಂದಿನ ಡಿಸ್ಕುಗಳು ದಪ್ಪನೆಯವು ಬೇಕು, ಕ್ಯಾಲಿಪರುಗಳೂ ಬೇರೆ. ರೇಡಿಯೇಟರ್ ಮುಂದಕ್ಕೆ ಸರಿಯಬೇಕು, ಎಲೆಕ್ಟ್ರಿಕ್ ಫ್ಯಾನ್ ಬೇಕು, ಆಯಿಲ್ ಫಿಲ್ಟರಿಗೆ ಮೂಲ ಜಾಗದಲ್ಲಿ ಎಡೆಯಿಲ್ಲದೆ ಬೇರೆಡೆ ಪೈಪ್ ಎಳೆಯಬೇಕು. ಹಿಂದಿನ ಆ್ಯಕ್ಸಲ್ ಕೂಡ ಬದಲಾಗಬೇಕು. ಮಾಮೂಲಿ ಎಂಜಿಬಿಯ ಆ್ಯಕ್ಸಲ್ಲಿನಲ್ಲಿ ಪ್ರೊಪೆಲ್ಲರ್ ಶಾಫ್ಟು 3.9 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಕಾರ್ಖಾನೆಯ ವಿ8ರಲ್ಲಿ ಅದು 3.07. ಹಳೆಯದನ್ನೇ ಉಳಿಸಿದರೆ ಎಳೆತ ಧಾರಾಳವಿರುವ ಎಂಜಿನ್ ಸುಮ್ಮನೆ ಅರಚುತ್ತದೆ, ಪೆಟ್ರೋಲೂ ದಂಡ. ತುಂಬ ಜನ ಎಂಜಿನ್ನಿಗೆ ದುಡ್ಡು ಸುರಿದು ಈ ಕೆಲಸಗಳನ್ನು ಮುಂದಕ್ಕೆ ಹಾಕುತ್ತಾರೆ. ಅದನ್ನು ನಾನು ತಪ್ಪು ಎಂದೇ ಹೇಳುತ್ತೇನೆ. ನಿಲ್ಲಿಸಲಾಗದ ವೇಗವನ್ನು ಕಾರಿಗೆ ಕೊಡುವ ಹಕ್ಕು ಯಾರಿಗೂ ಇಲ್ಲ, ರಸ್ತೆಯಲ್ಲಿ ಬೇರೆಯವರೂ ಇರುತ್ತಾರೆ.

ಎಲ್ಲ ಮುಗಿದ ಮೇಲೆ ವಾರ್ವಿಕ್‌ಶೈರಿನ ಎಜ್‌ಹಿಲ್ ಏರಿನಲ್ಲಿ ಅವರು ಕಾರನ್ನು ನನ್ನ ಕೈಗೆ ಕೊಟ್ಟರು. ಗೇರ್ ಇಳಿಸದೆ ಕಾರು ಏರು ಹತ್ತಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ತಿರುವುಗಳು. ಎಂಜಿಬಿ ಅವನ್ನು ಹೇಗೆ ತೆಗೆದುಕೊಳ್ಳುತ್ತಿತ್ತೋ ಹಾಗೇ ತೆಗೆದುಕೊಂಡಿತು. ಸ್ಟೇರಿಂಗ್ ಹಗುರವಾಗಿಯೇ ಇತ್ತು, ಮೂತಿ ಹೇಳಿದ ಕಡೆಗೆ ಹೋಗುತ್ತಿತ್ತು. ಎಂಜಿನ್ ಬದಲಾವಣೆ ಕೈಗೂಡಿತೋ ಇಲ್ಲವೋ ಎಂಬುದಕ್ಕೆ ಇದೇ ಪರೀಕ್ಷೆ ಎಂದು ನಾನು ತಿಳಿದಿದ್ದೇನೆ: ಶಕ್ತಿ ಹೆಚ್ಚಿರಬೇಕು, ಕಾರು ಅದೇ ಕಾರಾಗಿರಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಹೊಸದೇನಲ್ಲ. ಅಲ್ಲಿ ಶೋಕಿಗೆ ಮಾಡಿದ್ದನ್ನು ಇಲ್ಲಿ ಹೊಟ್ಟೆಪಾಡಿಗೆ ಮಾಡಿದರು. ಪೆಟ್ರೋಲ್ ಅಂಬಾಸಡರ್‌ಗೆ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸಿದವರು ಜಿಲ್ಲೆಜಿಲ್ಲೆಯಲ್ಲಿದ್ದರು. ನಮ್ಮ ಸೋದರಮಾವನ ಟ್ಯಾಕ್ಸಿಯೂ ಹಾಗೆ ಬದಲಾದದ್ದೇ. "ಸ್ವಾಮೀ, ಎಂಜಿನ್ ಕೂರಿಸೋದು ದೊಡ್ಡದಲ್ಲ, ಕೂತಿದ್ದು ಅಲ್ಲಾಡದೆ ನಿಲ್ಲಬೇಕಲ್ಲ" ಎಂದು ಗ್ಯಾರೇಜಿನ ಮೇಸ್ತ್ರಿ ಮಾವನಿಗೆ ಹೇಳುತ್ತಿದ್ದರು. ಕೊವೆಂಟ್ರಿಯ ಹಿರಿಯರು ಜೇಡಿಯ ಉಂಡೆಯಿಂದ ಕಂಡುಕೊಂಡದ್ದೂ ಅದನ್ನೇ. ಹಿಂದೂಸ್ತಾನ್ ಮೋಟಾರ್ಸ್‌ನವರೂ 1990ರ ದಶಕದಲ್ಲಿ ಬಿ-ಸೀರೀಸ್ ಬದಲು ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ ಹಾಕಿದರು, ಅಂಬಾಸಡರ್ ಮೊದಲ ಬಾರಿಗೆ ಲಗುಬಗೆಯಿಂದ ಓಡಿತು.

ಉಲ್ಟಾ ಆದದ್ದೂ ಉಂಟು. ಕೊವೆಂಟ್ರಿಯ ಹಿರಿಯರು ಯಾವ ರೋವರ್ ಎಸ್‌ಡಿ1ರಿಂದ ವಿ8 ತೆಗೆದರೋ ಅದೇ ಮಾದರಿಯ ಕಾರಿನ ಬಾಡಿಯನ್ನು 1985ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ಸ್ಟ್ಯಾಂಡರ್ಡ್ 2000 ಎಂದು ಹೊರತಂದರು. ಒಳಗಿಟ್ಟದ್ದು ಯುದ್ಧಾನಂತರದ ವ್ಯಾನ್‌ಗಾರ್ಡ್ ಕಾರಿನ ಕಾಲದ ನಾಲ್ಕು ಸಿಲಿಂಡರಿನ 1991 ಸಿಸಿ ಎಂಜಿನ್. ಅಷ್ಟು ಚೆಂದದ ಬಾಡಿಗೆ ಅದು ಸಾಲಲಿಲ್ಲ, ದುಡ್ಡು ಕೊಟ್ಟವರಿಗೆ ತೃಪ್ತಿಯಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಆ ಕಾರು ನಿಂತುಹೋಯಿತು. ಬಾಡಿ ಮತ್ತು ಎಂಜಿನ್ ಒಂದಕ್ಕೊಂದು ಹೊಂದದಿದ್ದರೆ ಕಂಪನಿಯೇ ಮಾಡಿದ ಕಾರೂ ಉಳಿಯುವುದಿಲ್ಲ.

ಈಚೆಗೆ ಹಳೆಯ ಎಂಜಿಬಿಗಳಿಗೆ ಬ್ಯಾಟರಿ, ಮೋಟಾರ್ ಹಾಕುವವರೂ ಬಂದಿದ್ದಾರೆ. ಸದ್ದಿಲ್ಲದ ಸ್ಪೋರ್ಟ್ಸ್ ಕಾರು ನನ್ನ ಮನಸ್ಸಿಗೆ ಹತ್ತುವುದಿಲ್ಲ. ಆದರೆ ಅಳತೆಗೋಲು ಅದೇ. ಬ್ಯಾಟರಿಯ ತೂಕವನ್ನು ಮುಂದೆ ಹಿಂದೆ ಸರಿಯಾಗಿ ಹಂಚಿದವರ ಕಾರನ್ನು ನಾನು ಎಂಜಿಸಿಗಿಂತ ಮೇಲೆಂದೇ ಎಣಿಸುತ್ತೇನೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿಯುಂಟು. ಆದರೆ ಗಣನೀಯವಾಗಿ ಬದಲಿಸಿದ ಕಾರಿಗೆ ಅದು ಸಿಗುವುದಿಲ್ಲ, ಸಿಲಿಂಡರುಗಳ ಸಂಖ್ಯೆ ಬೇರೆಯಾದರೆ ಅಂಥ ಬದಲಾವಣೆ ಎನಿಸಿಕೊಳ್ಳುವ ಸಂಭವವಿದೆ. ಹಿರಿಯರು ವಿನಾಯಿತಿಯ ಗೊಡವೆಗೇ ಹೋಗದೆ ಪ್ರತಿ ವರ್ಷ ತಪಾಸಣೆ ಮಾಡಿಸುತ್ತಿದ್ದರು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಇನ್ನು 2021ರ ನಿಯಮದಂತೆ 50 ವರ್ಷ ಮೀರಿದ ಕಾರಿಗೆ ವಿಂಟೇಜ್ ನೋಂದಣಿ, ವಿಎ ಅಕ್ಷರಗಳ ನಂಬರ್ ಪ್ಲೇಟು ಬೇಕಿದ್ದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಆ ನಂಬರ್ ಪ್ಲೇಟಿನ ಆಸೆಯಿದ್ದವರು ಎಂಜಿನ್ನಿಗೆ ಕೈಹಚ್ಚಬಾರದು, ಇದ್ದದ್ದನ್ನೇ ಚೆನ್ನಾಗಿ ಬೋರ್ ಮಾಡಿಸಿಕೊಳ್ಳಬೇಕು.

ಹಳೆಯ ಕಾರಿಟ್ಟುಕೊಂಡವರಲ್ಲಿ ನನ್ನದೊಂದು ಬಿನ್ನಹವಿದೆ. ಎಂಜಿನ್ ಬದಲಿಸುವುದಿದ್ದರೆ ಮೊದಲು ಬ್ರೇಕ್ ಮಾಡಿಸಿ. ಬಾಡಿಯ ತಗಡನ್ನು ಆದಷ್ಟು ಕೊಯ್ಯಬೇಡಿ. ಇಳಿಸಿದ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೂ ಆಯಿಲ್ ಬಿಟ್ಟು, ತೂತುಗಳಿಗೆಲ್ಲ ಬಟ್ಟೆ ತುರುಕಿ, ಎಂಜಿನ್ ನಂಬರಿನ ತಗಡು ಕಾಣುವಂತೆ ಫೋಟೋ ತೆಗೆದು, ಟಾರ್ಪಾಲಿನಲ್ಲಿ ಸುತ್ತಿ ನೆಲದಿಂದ ಮೇಲೆ ಇಡಿ. ಬಿಚ್ಚಿದ ಬೋಲ್ಟು, ಬ್ರಾಕೆಟ್ಟುಗಳನ್ನು ಹೆಸರು ಬರೆದು ಅದರ ಜೊತೆಯಲ್ಲೇ ಇಡಿ. ಮುಂದೆ ಆ ಕಾರು ಯಾರ ಕೈಗೆ ಹೋಗುತ್ತದೋ, ಅವರಿಗೆ ಮೂಲದ ಎಂಜಿನ್ನೇ ಬೇಕೆನಿಸಬಹುದು.